ಇಬ್ಬರ ಸಹಿಯ ಖಾತೆ

ತಿಂಗಳ ಇಪ್ಪತ್ತನೇ ತಾರೀಖು ದಾಟಿತೆಂದರೆ ಗುರುಪುತ್ರಪ್ಪ ಮನೆಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡುತ್ತಿದ್ದ. ಮಾತಿಗೂ ಖರ್ಚಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. (ಕೇಳಿದವರಿಗೆ ಇನ್ನೂ ಮದುವೆಯಾಗಿಲ್ಲ ಎಂದು ತಿಳಿಯಬೇಕು.) "ಚಹಾ ಆತೇನು?" ಎಂದರೆ "ಸಕ್ರಿ ಮುಗದೈತಿ" ಎಂದು ಉತ್ತರ ಬರುತ್ತಿತ್ತು. "ಸೆಕಿ ಭಾಳ ಐತಿ" ಎಂದರೆ "ಫ್ಯಾನ್ ಕಟಕಟ ಅನ್ನಾಕತ್ತು ಎಷ್ಟ ದಿನಾತು" ಎಂದು. ಒಮ್ಮೆ ಮೈಮರೆತು "ಸೃಷ್ಟಿ ಎಷ್ಟ ಎತ್ತರ ಆದಳಲ್ಲ" ಎಂದು ಮಗಳನ್ನು ಹೊಗಳಿದ್ದಕ್ಕೆ ಹೊಸ ಚೂಡಿದಾರ ಹೊಲಿಸಬೇಕಾಗಿ ಬಂದಿತ್ತು. ಅಂದಿನಿಂದ ಅವನು ಇಪ್ಪತ್ತರ ನಂತರ ಹೂಂ, ಹಾಂ, ಊಹೂಂ ಎಂಬ ಮೂರೇ ಶಬ್ದಗಳಲ್ಲಿ ಸಂಸಾರ ನಡೆಸುತ್ತಿದ್ದ.

ಗುರುಪುತ್ರಪ್ಪ ಬೆಳಗಾವಿಯ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಸದಾಶಿವನಗರದಲ್ಲಿ ಬಾಡಿಗೆ ಮನೆ, ಹೆಂಡತಿ ಮಹಾನಂದಾ, ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಸೃಷ್ಟಿ, ಮತ್ತು ಅವನಷ್ಟೇ ದಣಿದ ಒಂದು ಸ್ಕೂಟರು. ಸಂಬಳ ಬ್ಯಾಂಕಿಗೆ ಬಂದಾಗ ಅವನ ಮೊಬೈಲು ಒಂದೇ ಒಂದು ಸಲ ಟಿಂಗ್ ಅನ್ನುತ್ತಿತ್ತು. ಆಮೇಲಿನ ಟಿಂಗ್‌ಗಳೆಲ್ಲ ಹೋಗುವ ಟಿಂಗ್‌ಗಳು. ಬಾಡಿಗೆಯ ಟಿಂಗ್, ಹಾಲಿನ ಟಿಂಗ್, ಕರೆಂಟಿನ ಟಿಂಗ್. ಕೊನೆಗೆ ‘ಖಾತೆಯಲ್ಲಿ ಕನಿಷ್ಠ ಹಣವಿಲ್ಲದ್ದಕ್ಕೆ ದಂಡ ಹಾಕಲಾಗಿದೆ’ ಎಂಬ ಟಿಂಗ್. ದುಡ್ಡಿಲ್ಲದವನಿಂದ ದುಡ್ಡಿಲ್ಲ ಎಂಬ ಕಾರಣಕ್ಕೇ ದುಡ್ಡು ಕೀಳುವ ಈ ಜಾಣತನದ ಬಗ್ಗೆ ಅವನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ, ಬರಲಿಲ್ಲ.

ಇಂಥ ಹೊತ್ತಿನಲ್ಲಿ ಕಾಲೇಜಿನವರು ಸಿಬ್ಬಂದಿಗಾಗಿ ‘ಮನೆಯ ಉಳಿತಾಯ’ ಎಂಬ ಉಪನ್ಯಾಸ ಇಟ್ಟರು. ಗುರುಪುತ್ರಪ್ಪ ಮೊದಲ ಸಾಲಿನಲ್ಲಿ ಕುಳಿತ. (ಫ್ಯಾನು ಅಲ್ಲಿತ್ತು.) ಅರ್ಧ ಭಾಷಣ ಜೋಂಪಿನಲ್ಲಿ ಕಳೆಯಿತು. ಎಚ್ಚರವಾದಾಗ ಉಪನ್ಯಾಸಕರು ಹೇಳುತ್ತಿದ್ದರು: "ಖರ್ಚು ಮಾಡಿ ಮಿಕ್ಕಿದ್ದನ್ನು ಉಳಿಸುತ್ತೇನೆ ಅಂದರೆ ಮಿಕ್ಕುವುದಿಲ್ಲ. ಸಂಬಳ ಬಂದ ದಿನವೇ ಉಳಿತಾಯವನ್ನು ಬೇರೊಂದು ಖಾತೆಗೆ ತಳ್ಳಿರಿ. ಆ ಖಾತೆಗೆ ಕಾರ್ಡು ಬೇಡ, ಮೊಬೈಲಿಗೆ ಜೋಡಿಸುವುದೂ ಬೇಡ. ಕೈಗೆ ಸುಲಭವಾಗಿ ಸಿಗದ ದುಡ್ಡು ಮಾತ್ರ ಉಳಿಯುತ್ತದೆ."

ಕೈಗೆ ಸಿಗದ ದುಡ್ಡು! ಗುರುಪುತ್ರಪ್ಪನಿಗೆ ಜ್ಞಾನೋದಯವಾಯಿತು. ಆದರೆ ಉಪನ್ಯಾಸಕರು ‘ಕೈ’ ಎಂದಾಗ ಅವನ ಕಣ್ಣ ಮುಂದೆ ಬಂದದ್ದು ತನ್ನ ಕೈಯಲ್ಲ, ಹಸಿರು ಬಳೆ ತೊಟ್ಟ ಮಹಾನಂದಾಳ ಕೈ.

ಮಹಾನಂದಾ ಭಿಶಿ ಹಾಕುತ್ತಿದ್ದಳು. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಎಲ್ಲರೂ ದುಡ್ಡು ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಪೂರ್ತಿ ಗಂಟು ಕೊಡುವ ಏರ್ಪಾಡು ಅದು. ಜೊತೆಗೆ ಅವಲಕ್ಕಿ, ಚಹಾ, ಬಾರದಿದ್ದವರ ಸುದ್ದಿ. ಗುರುಪುತ್ರಪ್ಪನ ಪ್ರಕಾರ ಮನೆಯ ಐಶ್ವರ್ಯವೆಲ್ಲ ಸೋರಿಹೋಗುತ್ತಿದ್ದ ತೂತು ಇದೊಂದೇ. ಭಿಶಿಯ ಗಂಟಿನಲ್ಲೇ ಮನೆಗೆ ಮಿಕ್ಸರ್ ಬಂದಿತ್ತು, ಅವನು ಸವಾರಿ ಮಾಡುವ ಸ್ಕೂಟರಿನ ಎರಡೂ ಟೈರು ಬಂದಿದ್ದವು ಎಂಬುದನ್ನು ಅವನು ಈ ಲೆಕ್ಕದಲ್ಲಿ ಹಿಡಿದಿರಲಿಲ್ಲ.

"ಇಬ್ಬರ ಹೆಸರಲೆ ಒಂದು ಖಾತೆ ತಗಿಯೂಣು," ಎಂದ ಸಂಜೆ ಮನೆಗೆ ಬಂದು.

ಮೆಂತೆ ಸೋಸುತ್ತಿದ್ದ ಮಹಾನಂದಾ ತಲೆ ಎತ್ತಿದಳು. "ನನ್ನ ಹೆಸರೂ ಇರತೈತೇನ್ರಿ?"

"ಇರತೈತಿ. ತಿಂಗಳಾ ಸಂಬಳ ಬಂದ ಕೂಡ್ಲೆ ನಾಕ ಸಾವಿರ ಅದಕ್ಕ ಹೋಗಬೇಕು. ಸೃಷ್ಟಿ ಮುಂದ ಕಾಲೇಜ ಕಲಿಯಾಕ ಅದು."

"ಛಲೋ ಆತು ಬಿಡ್ರಿ. ಇಪ್ಪತ್ತ ವರ್ಷಕ್ಕೊಮ್ಮೆ ಆದ್ರೂ ನಿಮಗ ಛಲೋದ ಹೊಳಿತೈತಿ."

"ತಗೀಬೇಕಾದ್ರ ಮಾತ್ರ ಇಬ್ಬರೂ ಸಹಿ ಹಾಕಬೇಕು. ಒಬ್ಬರ ಸಹಿಯಿಂದ ಒಂದ ಪೈಸಾ ಸುದ್ದ ಹೊರಗ ಬರಬಾರದು."

ಮಹಾನಂದಾ ಮೆಂತೆಯ ದಂಟು ಮುರಿಯುತ್ತ ಸ್ವಲ್ಪ ಯೋಚಿಸಿದಳು. "ಹಂಗಾದ್ರ ನೀವು ಹೆಂಗ ತಗೀತೀರಿ?"

"ನಾ ಯಾಕ ತಗೀಲಿ? ನಾನು ಉಳಸಾಂವ!"

ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಹಾನಂದಾ ಅಂತೂ ಇಟ್ಟುಕೊಂಡಳು.

ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದ ದಿನ ಇಬ್ಬರೂ ಬೆಳಗ್ಗೆಯೇ ಹೋಗಿ ಸರತಿಯಲ್ಲಿ ನಿಂತರು. ಕಂಪ್ಯೂಟರು ಹೊತ್ತಿಗೊಮ್ಮೆ ಮೂರ್ಛೆ ಹೋಗುತ್ತಿತ್ತು. ಆಧಾರ್ ಜೆರಾಕ್ಸ್ ತನ್ನಿ ಎಂದರು, ತಂದ. ಎರಡೂ ಬದಿಯದು ಬೇಕು ಎಂದರು, ಮತ್ತೆ ಹೋದ. ಫೋಟೋ ಹಳೆಯದು, ಕೂದಲು ಜಾಸ್ತಿ ಇದೆ ಎಂದರು, ಈಗಿನ ತಲೆಯದು ತೆಗೆಸಿಕೊಂಡು ಬಂದ. ಊಟದ ಹೊತ್ತು ಮೀರಿದ ಮೇಲೆ ತರನ್ನುಮ ಎಂಬ ಅಧಿಕಾರಿಣಿಯ ಮೇಜಿನ ಮುಂದೆ ಜಾಗ ಸಿಕ್ಕಿತು. ಸಾವಧಾನದ ಹುಡುಗಿ. ಫಾರ್ಮಿನ ಒಂದು ಕಡೆ ಬೆರಳಿಟ್ಟು ಕೇಳಿದಳು:

"ಸರ್, ಖಾತೆ ಹೆಂಗ ನಡಸ್ತೀರಿ ಅಂತ ಇಲ್ಲಿ ಬರೀಬೇಕ್ರಿ. ‘ಇಬ್ಬರಲ್ಲಿ ಯಾರಾದರೊಬ್ಬರು’ ಅಂತ ಹಾಕಲ್ರಿ? ಗಂಡ ಹೆಂಡ್ತಿ ಭಾಳ ಮಂದಿ ಅದನ್ನೇ ಹಾಕಸ್ತಾರ. ಅರ್ಜೆಂಟ್ ಇದ್ದಾಗ ಯಾರ ಬಂದ್ರೂ ನಡೀತೈತಿ."

"ಬ್ಯಾಡ್ರಿ. ಇಬ್ಬರೂ ಕೂಡಿ."

"ಇಬ್ಬರೂ ಕೂಡಿ ಅಂದ್ರ ಎಟಿಎಂ ಕಾರ್ಡ್ ಬರಂಗಿಲ್ರಿ. ಫೋನಿನ್ಯಾಗ ಕಳಸಾಕ ಬರಂಗಿಲ್ಲ. ಪ್ರತಿ ಸಲ ಇಬ್ರೂ ಸಹಿ..."

"ಅದೇ ಬೇಕಾಗೇತ್ರಿ ಮೇಡಮ್," ಎಂದು ಗುರುಪುತ್ರಪ್ಪ ಹೆಂಡತಿಯ ಬಳೆಗಳ ಕಡೆ ನೋಡದೆ ಹೇಳಿದ.

ಇನ್ನು ಸಹಿ. ಗುರುಪುತ್ರಪ್ಪನ ಸಹಿಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಜೀವನದಲ್ಲಿ ಅವನ ಮಾತು ಕೇಳಿದ್ದು ಅದೊಂದೇ. ಕಾಲೇಜು ಬಿಡುವ ಹುಡುಗರ ಸರ್ಟಿಫಿಕೇಟುಗಳ ಮೇಲೆ ಅವನು ಹಾಕುವ ಸಹಿ ‘ಗು’ ಅಕ್ಷರದಿಂದ ಆನೆಯ ಹಾಗೆ ಹೊರಟು, ನಡುವೆ ಎರಡು ಸುತ್ತು ಹೊಡೆದು, ಕೊನೆಯ ‘ಪ್ಪ’ದ ಬಾಲವನ್ನು ಹಿಂದಕ್ಕೆ ಬೀಸಿ, ಕೆಳಗೆ ಒಂದು ಗೆರೆ ಎಳೆದು, ಎರಡು ಚುಕ್ಕೆ ಕುಟ್ಟಿ ಮುಗಿಯುತ್ತಿತ್ತು. ಪ್ರಿನ್ಸಿಪಾಲರ ಸಹಿ ಅದರ ಮೂಲೆಯಲ್ಲಿ ಜಾಗ ಕೇಳಿಕೊಂಡು ಕೂರಬೇಕು.

ಆದರೆ ಅಂದು ಬ್ಯಾಂಕಿನಲ್ಲಿ ಹೊಟ್ಟೆ ಖಾಲಿ, ಸೊಂಟ ನೋವು. ಸಹಿಯ ಚೌಕ ಅಂಚೆಚೀಟಿಯಷ್ಟು. ಪೆನ್ನನ್ನು ಯಾರೂ ಒಯ್ಯದಂತೆ ಮೇಜಿಗೆ ದಾರದಿಂದ ಕಟ್ಟಿದ್ದರು. ದಾರವೋ, ಎಷ್ಟು ಗಿಡ್ಡವೆಂದರೆ ಬಾಲ ಬೀಸಲು ಹೋದಾಗ ಪೆನ್ನು ಹಗ್ಗ ಕಟ್ಟಿದ ಕರುವಿನಂತೆ ಹಿಂದಕ್ಕೆ ಜಗ್ಗಿತು. ಆನೆ ಹೊರಡಲಿಲ್ಲ. ಚೌಕದ ನಡುವೆ ಏನೋ ಒಂದು ಮುದುಡಿ ಬಿತ್ತು.

ಮಹಾನಂದಾ ಬಗ್ಗಿ ನೋಡಿದಳು. "ಇದೇನ್ರಿ, ಇರಿವಿ ಸತ್ತ ಬಿದ್ದಂಗ ಐತಿ."

"ಸುಮ್ನಿರು. ಬ್ಯಾಂಕಿನ್ಯಾಗ ಹಂಗೆಲ್ಲ ಮಾತಾಡಬಾರದು."

ಅವಳು ತನ್ನ ಸಹಿಯನ್ನು ಶಾಲೆಯ ಕಾಪಿ ಬರೆದಷ್ಟು ದುಂಡಗೆ ಹಾಕಿದಳು.

ಖಾತೆ ಅದ್ಭುತವಾಗಿ ಕೆಲಸ ಮಾಡಿತು. ದುಡ್ಡು ತೆಗೆಯಬೇಕೆಂದರೆ ಇಬ್ಬರೂ ಒಂದೇ ದಿನ ಬಿಡುವಾಗಬೇಕು, ಒಂದೇ ಸ್ಕೂಟರಿನಲ್ಲಿ ಹೋಗಬೇಕು, ಅಲ್ಲಿಯ ತನಕ ಜಗಳವಾಡದೆ ಇರಬೇಕು. ಮೂರೂ ಒಟ್ಟಿಗೆ ಕೂಡಿ ಬರುವುದು ಗ್ರಹಣದಷ್ಟು ಅಪರೂಪ. ಫ್ಯಾನ್ ರಿಪೇರಿಗೆ ತೆಗೆಯೋಣ ಎಂದು ಒಮ್ಮೆ ಹೊರಟವರು ಅರ್ಧ ದಾರಿಯಲ್ಲಿ ಮಳೆ ಬಂದು, ಯಾರ ಮೇಲೆ ಕೊಡೆ ಜಾಸ್ತಿ ಇತ್ತು ಎಂಬ ವಿಷಯಕ್ಕೆ ಮುನಿಸಿಕೊಂಡು ವಾಪಸು ಬಂದರು. ಫ್ಯಾನು ಹಾಗೇ ಕಟಕಟ ಎನ್ನುತ್ತ ಉಳಿಯಿತು, ದುಡ್ಡೂ ಉಳಿಯಿತು. ಉಳಿತಾಯಕ್ಕೆ ಶಿಸ್ತು ಬೇಕು ಎಂದು ಉಪನ್ಯಾಸಕರು ಹೇಳಿದ್ದರು. ಶಿಸ್ತೇನೂ ಬೇಡ, ದಣಿವಿದ್ದರೆ ಸಾಕು ಎಂದು ಗುರುಪುತ್ರಪ್ಪ ಕಂಡುಹಿಡಿದ. ಸೃಷ್ಟಿ ಪಿಯುಸಿ ಮೊದಲ ವರ್ಷಕ್ಕೆ ಬರುವ ಹೊತ್ತಿಗೆ ಖಾತೆಯಲ್ಲಿ ಒಂದು ಲಕ್ಷ ದಾಟಿತ್ತು.

ಆಗ ಬಂತು ಕೆಂಪು ಕಾರು.

ಕಾಲೇಜಿನ ಲೈಬ್ರರಿಯ ಮಜೀದ ಅವನ ಹಳೆಯ ಗೆಳೆಯ. ಮಗ ರೆಹಾನ ಹೊಸ ಗಾಡಿ ಕೊಂಡದ್ದರಿಂದ ಮಜೀದ ತನ್ನ ಹಳೆಯ ಕೆಂಪು ಕಾರನ್ನು ಮಾರಲು ಹೊರಟಿದ್ದ. "ಸುಮ್ನ ಒಂದ ಸಲ ಕುಂತ ನೋಡ್ರಿ ಸಾಹೇಬ್ರ," ಎಂದ ಬುಧವಾರ ಮಧ್ಯಾಹ್ನ.

ಗುರುಪುತ್ರಪ್ಪ ಕುಳಿತ. ಅಷ್ಟೇ.

ಕುಳಿತವನಿಗೆ ಏಳಲು ಮನಸ್ಸಾಗಲಿಲ್ಲ. ಬೆನ್ನಿಗೆ ಒಂದು ಆಸರೆ! ಇಪ್ಪತ್ತು ವರ್ಷ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ, ಕಾಲ ನಡುವೆ ಗ್ಯಾಸ್ ಸಿಲಿಂಡರ್, ಬೆನ್ನ ಹಿಂದೆ ಸಂಸಾರ, ಹ್ಯಾಂಡಲಿಗೆ ತರಕಾರಿ ಚೀಲ ಕಟ್ಟಿಕೊಂಡು ಸ್ಕೂಟರು ಓಡಿಸಿದ ಬೆನ್ನದು. ಅದು ಸೀಟಿಗೆ ಒರಗಿ ಉಸ್ಸೆಂದಿತು. ಗಾಜು ಏರಿಸಿದೊಡನೆ ಜಗತ್ತಿನ ಸದ್ದು ನಿಂತಿತು. ತನಗೆ ಬೇಕಿದ್ದದ್ದು ಕಾರಲ್ಲ, ಕೂರಲೊಂದು ಜಾಗ ಎಂದು ಅವನಿಗೆ ಹೊಳೆಯಿತು. ಆದರೆ ಆ ಜಾಗಕ್ಕೆ ನಾಲ್ಕು ಗಾಲಿ ಇದ್ದವು, ತೊಂಬತ್ತು ಸಾವಿರ ಬೆಲೆಯೂ ಇತ್ತು.

"ಶನಿವಾರದ ತನಾ ಕಾಯ್ತೀನ್ರಿ," ಎಂದ ಮಜೀದ. "ಆಮ್ಯಾಲೆ ಬೀಡಿ ಊರಿಂದ ಒಬ್ರು ನೋಡಾಕ ಬರಾವ್ರದಾರ. ನನಗ ನಿಮ್ಮ ಕೈಯಾಗ ಹೋದ್ರ ಸಮಾಧಾನ."

ಗುರುಪುತ್ರಪ್ಪ ಜೇಬಿನಲ್ಲಿದ್ದ ಎರಡು ಸಾವಿರವನ್ನು ಮುಂಗಡವೆಂದು ಕೊಟ್ಟೇಬಿಟ್ಟ. ಆಮೇಲೆ ಕ್ಯಾಲೆಂಡರ್ ನೋಡಿದ. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅಂದರೆ ಶುಕ್ರವಾರವೇ ದುಡ್ಡು ತೆಗೆಯಬೇಕು. ತೆಗೆಯಲು ಎರಡು ಸಹಿ ಬೇಕು. ಎರಡನೆಯ ಸಹಿ ಖಾನಾಪುರದಲ್ಲಿತ್ತು.

ಮಹಾನಂದಾಳ ತಮ್ಮ ಬಸವಪ್ರಸಾದನ ಹೆಂಡತಿ ಹಡೆದಿದ್ದಳು. ಬಾಣಂತಿಯ ಆರೈಕೆಗೆಂದು ಮಹಾನಂದಾ ವಾರದ ಹಿಂದೆಯೇ ಖಾನಾಪುರದ ತವರಿಗೆ ಹೋಗಿದ್ದಳು. ಎರಡೂ ಸಹಿ ಇದ್ದರೆ ಚೀಟಿಯನ್ನು ಒಬ್ಬರೇ ಒಯ್ದರೂ ನಡೆಯುತ್ತದೆ ಎಂದು ಬ್ಯಾಂಕಿಗೆ ಫೋನು ಮಾಡಿ ತಿಳಿದುಕೊಂಡ ಗುರುಪುತ್ರಪ್ಪ ಮನೆಯ ಮೇಜಿನ ಮೇಲೆ ಹಣ ತೆಗೆಯುವ ಚೀಟಿ ಹರವಿಕೊಂಡ. ಕಾಲೇಜಿನವರು ಇಪ್ಪತ್ತೈದು ವರ್ಷದ ಸೇವೆಗಾಗಿ ಕೊಟ್ಟಿದ್ದ ಚಿನ್ನದ ಬಣ್ಣದ ಪೆನ್ನು ತೆಗೆದ. ಕೆಂಪು ಕಾರನ್ನು ಮನಸ್ಸಿನಲ್ಲಿ ನೆನೆದು ಸಹಿ ಹಾಕಿದ. ಆನೆ ಹೊರಟಿತು. ಸುತ್ತು ಹೊಡೆಯಿತು. ಬಾಲ ಬೀಸಿದ ರಭಸಕ್ಕೆ ಚೀಟಿಯ ಅಂಚು ದಾಟಿ ಮೇಜಿನ ಮೇಲೂ ಒಂದಿಷ್ಟು ಗೆರೆ ಬಿತ್ತು.

"ಪಪ್ಪಾ, ಮಮ್ಮಿ ಸಹಿಗೆ ಜಾಗಾನೇ ಉಳದಿಲ್ಲ," ಎಂದಳು ಸೃಷ್ಟಿ.

"ಮೂಲ್ಯಾಗ ಹಿಡಿತೈತಿ ಬಿಡು."

ಗುರುವಾರ ಅರ್ಧ ದಿನ ರಜೆ ಹಾಕಿ, ಅತ್ತೆಗೆಂದು ಕುಂದಾ ಕಟ್ಟಿಸಿಕೊಂಡು, ಖಾನಾಪುರದ ಬಸ್ಸು ಹಿಡಿದ. ದಾರಿಯುದ್ದಕ್ಕೂ ಹೆಂಡತಿಗೆ ಹೇಳಬೇಕಾದ ಭಾಷಣವನ್ನು ಮನಸ್ಸಿನಲ್ಲೇ ತಿದ್ದಿದ. ‘ಕಾರು ಎಂಬುದು ಖರ್ಚಲ್ಲ, ಅದು ನಾಲ್ಕು ಗಾಲಿಯ ಉಳಿತಾಯ’ ಎಂಬ ವಾಕ್ಯ ಅವನಿಗೇ ಹಿಡಿಸಿತು.

ತವರುಮನೆಯ ಪಡಸಾಲೆಯಲ್ಲಿ ಅತ್ತೆ ಶಿವಬಸವ್ವ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

"ಬರ್ರಿ ಅಳಿಯಾರ, ಕುಂದರ್ರಿ. ಎಷ್ಟ ಸೊರಗೀರಿ! ಇಕಿ ಇಲ್ಲಂದ್ರ ಅಲ್ಲಿ ಊಟಾ ಮಾಡ್ತೀರೋ ಇಲ್ಲೋ?"

"ಸ್ಕೂಟರ್ ಹೊಡದು ಹೊಡದು ಸೊರಗೀನ್ರಿ ಅತ್ತಿಯಾರ," ಎಂದು ಗುರುಪುತ್ರಪ್ಪ ಸಿಕ್ಕ ಎಳೆಯನ್ನು ಹಿಡಿದುಕೊಂಡ. ಆಮೇಲೆ ಅವನನ್ನು ಯಾರೂ ನಿಲ್ಲಿಸಲಾಗಲಿಲ್ಲ. ಮಜೀದನ ಕಾರು ಎಷ್ಟು ಕಡಿಮೆ ಓಡಿದೆ, ಎಣ್ಣೆ ಎಷ್ಟು ಕಮ್ಮಿ ಕುಡಿಯುತ್ತದೆ, ಡಿಕ್ಕಿಯಲ್ಲಿ ಎರಡು ಚೀಲ ಜೋಳ ಹಿಡಿಯುತ್ತದೆ, ಟೈರು ಹೊಸವು, ಬೆಲೆ ಪುಕ್ಕಟೆಗೆ ಸಮ. ಸೀಟಿನ ವರ್ಣನೆಗೆ ಬಂದಾಗ ಅವನ ದನಿ ಗದ್ಗದಿಸಿತು.

ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ "ಹೋ, ಯೇತೋ, ಯೇತೋ" ಎಂದು ಯಾರಿಗೋ ಮರಾಠಿಯಲ್ಲಿ ಬರುತ್ತೇನೆಂದು ಹೇಳುತ್ತಿದ್ದ ಬಸವಪ್ರಸಾದ ಫೋನು ಇಟ್ಟು ಒಳಗೆ ಬಂದು ಕುಳಿತ. ಅವನದು ನೀರೆತ್ತುವ ಪಂಪುಗಳ ಅಂಗಡಿ. ದಿನಾ ಹೊಲದಿಂದ ಹೊಲಕ್ಕೆ ತಿರುಗುವ ಕೆಲಸ.

"ಎರಡ ಚೀಲ ಜ್ವಾಳ ಹಿಡದ್ರ ಒಂದ ಪಂಪ್ ಆರಾಮ ಹಿಡಿತೈತಲ್ರಿ ಮಾವಾರ?"

"ಎರಡ ಹಿಡಿತಾವೋ!" ಎಂದ ಗುರುಪುತ್ರಪ್ಪ ಉದಾರವಾಗಿ.

"ಅವರ ನಂಬರ್ ಕೊಡ್ರಿ ಸ್ವಲ್ಪ. ಅಂಥಾದ್ದ ಇನ್ನೊಂದ ಇದ್ರ ಕೇಳ್ತೀನಿ."

ಗುರುಪುತ್ರಪ್ಪ ನಂಬರು ಕೊಟ್ಟ. ಕೇಳದಿದ್ದರೂ ಮಜೀದನ ಮನೆಯ ಗುರುತನ್ನೂ ಹೇಳಿದ.

ಮಹಾನಂದಾ ಒಳಗಿಂದ ಚಹಾ ತಂದಳು. ಅವನು ಚೀಟಿಯನ್ನು ಮುಂದಿಟ್ಟು, ಗಂಟಲು ಸರಿಮಾಡಿಕೊಂಡು, ನಾಲ್ಕು ಗಾಲಿಯ ವಾಕ್ಯಕ್ಕೆ ಸಿದ್ಧನಾದ. ಅವಳು ಚೀಟಿ ಎತ್ತಿಕೊಂಡು ನೋಡಿದಳು. ಮೊತ್ತದ ಕಡೆ ಅಲ್ಲ, ಸಹಿಯ ಕಡೆ. ಬಹಳ ಹೊತ್ತು ನೋಡಿದಳು.

"ಇದು ನಿಮ್ಮ ಸಹಿ ಏನ್ರಿ?"

"ಮತ್ಯಾರದು?"

"ಹೌದಲ್ಲ, ನಿಮ್ಮದ," ಎಂದು ಅವಳು ಮೂಲೆಯಲ್ಲಿ ಉಳಿದಿದ್ದ ಜಾಗದಲ್ಲಿ ದುಂಡಗೆ ತನ್ನ ಸಹಿ ಹಾಕಿ ಚೀಟಿ ವಾಪಸು ಕೊಟ್ಟಳು. "ಉಪ್ಪಿಟ್ಟು ಮಾಡ್ಲೇನ್ರಿ?"

ಗುರುಪುತ್ರಪ್ಪ ದಂಗಾದ. ಜಗಳಕ್ಕೆಂದು ಕೂಡಿಟ್ಟುಕೊಂಡು ಬಂದಿದ್ದ ಕಸುವೆಲ್ಲ ವ್ಯರ್ಥವಾಗಿ, ಏಣಿಯ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವನಂತೆ ಒಮ್ಮೆ ತೂರಾಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ಭಿಶಿಯನ್ನೂ ಕ್ಷಮಿಸಿಬಿಡೋಣ ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಸ್ಕೂಟರನ್ನು ಬ್ಯಾಂಕಿನ ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಇಂದಿಗೆ ನಿನ್ನ ಋಣ ಮುಗಿಯಿತು ಎಂಬಂತೆ ಅದರ ಸೀಟು ತಟ್ಟಿ ಒಳಗೆ ಹೋದ. ತರನ್ನುಮ ಚೀಟಿ ನೋಡಿದಳು, ಕಂಪ್ಯೂಟರು ನೋಡಿದಳು, ಮತ್ತೆ ಚೀಟಿ ನೋಡಿದಳು.

"ಸರ್, ಮೇಡಮ್ ಅವರ ಸಹಿ ಬರಾಬ್ಬರಿ ಐತ್ರಿ. ನಿಮ್ಮದು ಕೂಡವಲ್ದು."

"ನನ್ನದಾ?"

"ಹೂಂರಿ. ಇಲ್ಲಿ ಇರೂದ ಬ್ಯಾರೆ, ಚೀಟಿ ಮ್ಯಾಲಿಂದ ಬ್ಯಾರೆ."

"ಸಾವಿರಾರು ಹುಡುಗೂರ ಸರ್ಟಿಫಿಕೇಟ್ ಮ್ಯಾಲ ಇದೇ ಸಹಿ ಐತ್ರಿ! ದುಬೈಕ ಹೋಗಿ ಬಂದಾವು ಕೆಲವು!"

"ಇರಬೋದ್ರಿ. ನಮ್ಮ ಬ್ಯಾಂಕಿಗೆ ಬಂದಿಲ್ಲಲ್ರಿ," ಎಂದು ಅವಳು ನೊಂದುಕೊಂಡೇ ಹೇಳಿದಳು. "ಇನ್ನೊಮ್ಮೆ ಹಾಕಿ ತೋರಸ್ರಿ."

ಗುರುಪುತ್ರಪ್ಪ ಜೇಬಿನಿಂದ ಚಿನ್ನದ ಬಣ್ಣದ ಪೆನ್ನು ತೆಗೆದು ಹಾಕಿದ. ಆನೆ. ಮತ್ತೊಮ್ಮೆ ಹಾಕಿದ. ಇನ್ನೂ ದೊಡ್ಡ ಆನೆ. ಸಣ್ಣಗೆ ಹಾಕಲು ನೋಡಿದ, ಆನೆಯ ಮರಿ ಬಂತು, ಆದರೆ ಆನೆಯೇ. ಹಿಂದೆ ಸರತಿಯಲ್ಲಿದ್ದವರು ಕತ್ತು ಚಾಚಿ ಸಲಹೆ ಕೊಡತೊಡಗಿದರು. ಕೊನೆಗೆ ತರನ್ನುಮ ಹೇಳಿದಳು: ಸಹಿ ಬದಲಿಸಬೇಕೆಂದರೆ ಬೇರೆ ಫಾರ್ಮು ತುಂಬಬೇಕು. ಜಂಟಿ ಖಾತೆಯಾದ್ದರಿಂದ ಮೇಡಮ್ಮೂ ಬಂದು, ಇವರು ಇವರೇ ಎಂದು ಒಪ್ಪಬೇಕು. ಹೊಸ ಸಹಿ ಕಂಪ್ಯೂಟರಿಗೆ ಏರಲು ಸೋಮವಾರವಾದರೂ ಆಗುತ್ತದೆ.

ಅಂದರೆ ಕಾರು ಬೀಡಿಗೆ ಹೋಯಿತು. ಗುರುಪುತ್ರಪ್ಪ ಬ್ಯಾಂಕಿನ ಕಬ್ಬಿಣದ ಕುರ್ಚಿಯಲ್ಲಿ ಕುಸಿದು (ಬೆನ್ನಿಗೆ ಆಸರೆಯಿಲ್ಲದ ಕುರ್ಚಿ) ಮಜೀದನಿಗೆ ಫೋನು ಹಚ್ಚಿದ.

"ಮಜೀದಭಾಯಿ, ಸೋಮವಾರದ ತನಾ ಸ್ವಲ್ಪ..."

"ಏನ ಸೋಮವಾರ ಸಾಹೇಬ್ರ? ಗಾಡಿ ಕೊಟ್ಟೆನಲ್ಲ! ಮುಂಜಾನೆ ನಿಮ್ಮ ಮನಿಯವ್ರು ಬಂದ್ರಲ್ಲ. ಪೂರಾ ರೊಕ್ಕ ಮುಟ್ಟೇತಿ. ನಿಮ್ಮ ಮುಂಗಡಾನೂ ಅದರಾಗ ಹಿಡದೀನಿ. ಮತ್ತ ನಿಮ್ಮ..."

ಮುಂದಿನದು ಗುರುಪುತ್ರಪ್ಪನಿಗೆ ಬೇಕಾಗಿರಲಿಲ್ಲ. ಫೋನಿಟ್ಟು ಕಣ್ಣೊರೆಸಿಕೊಂಡ. ಮಹಾನಂದಾ! ಅದಕ್ಕೇ ನಿನ್ನೆ ಜಗಳವಾಡಲಿಲ್ಲ! ತನ್ನ ಭಿಶಿಯ ಗಂಟು ಎತ್ತಿ, ಖಾನಾಪುರದಿಂದ ಬೆಳಗ್ಗೆಯ ಬಸ್ಸಿಗೆ ಬಂದು, ಗಂಡನ ಬೆನ್ನಿಗಾಗಿ ಗುಟ್ಟಾಗಿ ಕಾರು ಕೊಂಡಿದ್ದಾಳೆ! ತಾನು ತೂತು ಎಂದು ಬೈದದ್ದು ತೂತಲ್ಲ, ತಿಜೋರಿ. ಈ ಜನ್ಮದಲ್ಲಿ ಇನ್ನು ಭಿಶಿಯ ಬಗ್ಗೆ ಒಂದು ಮಾತಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಕೂಡಲೇ ಅವಳಿಗೆ ಫೋನು ಮಾಡಿದ.

"ಎಲ್ಲಿದ್ದೀ?"

"ಇಲ್ಲೇ ಬಾಜುಕ ಅದೀನ್ರಿ. ಬ್ಯಾಂಕಿಗೇ ಬರಾಕತ್ತೀನಿ. ಸಹಿ ಕೂಡಲಿಲ್ಲ ಹೌದಲ್ಲ?"

"ನಿನಗ ಹೆಂಗ ಗೊತ್ತಾತು?"

"ಬಂದ ಹೇಳ್ತೀನಿ, ತಡೀರಿ."

ಗುರುಪುತ್ರಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ತಿರುವಿನಲ್ಲಿ ಕೆಂಪು ಕಾರು ಕಾಣಿಸಿತು. ಬಿಸಿಲಿಗೆ ಹೊಳೆಯುತ್ತ, ಮದುಮಗಳಂತೆ ನಿಧಾನವಾಗಿ ಬಂತು. ಎಡಗಡೆ ಮಹಾನಂದಾ ಕುಳಿತಿದ್ದಳು. ಗಾಡಿ ಓಡಿಸುತ್ತಿದ್ದವನು ಬಸವಪ್ರಸಾದ. ಕನ್ನಡಿಗೆ ನಿಂಬೆಹಣ್ಣು ಕಟ್ಟಿತ್ತು. ಹಿಂದಿನ ಸೀಟಿನಲ್ಲಿ, ನಿನ್ನೆ ತಾನು ಹೊಗಳಿದ ಮೆತ್ತನೆಯ ಜಾಗದಲ್ಲಿ, ಒಂದು ನೀರಿನ ಪಂಪು ಒರಗಿ ಕುಳಿತಿತ್ತು.

"ಮಾವಾರ!" ಎಂದು ಬಸವಪ್ರಸಾದ ಇಳಿದು ಕೈಮುಗಿದ. "ನೀವು ಹೇಳಿದ್ದರಾಗ ಒಂದ ಸುದ್ದ ಸುಳ್ಳಿಲ್ರಿ. ಎಂಥಾ ಗಾಡಿ! ನಿಮ್ಮ ಹೆಸರ ಹೇಳಿದ್ದಕ್ಕ ಅವರು ಮಾತ ಸುದ್ದ ಬೆಳಸಲಿಲ್ಲ. ನಿಮ್ಮ ಮುಂಗಡದ ಎರಡ ಸಾವಿರಾನೂ ಅದರಾಗ ಹಿಡದ್ರು. ಕೊಡ್ತೀನ್ರಿ, ಮುಂದಿನ ತಿಂಗಳಾ."

ಗುರುಪುತ್ರಪ್ಪ ಹೆಂಡತಿಯ ಕಡೆ ತಿರುಗಿದ.

"ಹಂಗ್ಯಾಕ ನೋಡ್ತೀರಿ?" ಎಂದಳು ಮಹಾನಂದಾ. "ಚೀಟಿ ನೋಡಿದ ಕೂಡ್ಲೆ ಗೊತ್ತಾತು ನನಗ. ಆವತ್ತ ಇಲ್ಲಿ ಇರಿವಿ ಸತ್ತಂಗ ಹಾಕಿದ್ರಿ, ಈಗ ಆನಿ ಬರದೀರಿ. ಬ್ಯಾಂಕಿನವ್ರು ಕಣ್ಣ ಮುಚ್ಚಿಕೊಂಡ ಕೊಡ್ತಾರೇನು? ಅದಕ್ಕ ಪ್ರಸಾದಗ ಹೇಳಿದೆ. ನಿಮ್ಮ ಮಾವಾರಿಗಿ ಗಾಡಿ ಆಗೂದಲ್ಲ, ನಿನಗಾದ್ರೂ ದಂಧೆಕ್ಕ ಆಗತೈತಿ, ಬಿಡಬ್ಯಾಡ ಅಂತ."

"ಅಲ್ಲಾ, ನಿನ್ನೇನ ಹೇಳಬಾರದಾಗಿತ್ತೇನು?"

"ಹೇಳಿದ್ರ ಕೇಳ್ತಿದ್ರೇನು? ಸೃಷ್ಟಿ ಕಾಲೇಜಿನ ರೊಕ್ಕ ಅದು. ನಾ ಬ್ಯಾಡ ಅಂದ್ರ ನಾ ಕೆಟ್ಟಾಕಿ ಆಗ್ತಿದ್ದೆ. ಬ್ಯಾಂಕ್ ಬ್ಯಾಡ ಅಂತು, ಮುಗೀತು. ಅದಕ್ಕಲ್ಲೇನು ನೀವು ಇಬ್ಬರ ಸಹಿ ಇಟ್ಟಿದ್ದು? ಕೈಗೆ ಸಿಗಬಾರದು ಅಂತ."

ಇಬ್ಬರೂ ಒಳಗೆ ಹೋದರು. ತರನ್ನುಮ ಮಹಾನಂದಾಳನ್ನು ಕಂಡು ಎದ್ದು ನಿಂತಳು.

"ಛಲೋ ಆತ್ರಿ ಮೇಡಮ್ ಬಂದಿದ್ದು. ಇವರು ನಿಮ್ಮ ಮನಿಯವ್ರ ಹೌದಲ್ರಿ? ಈ ಸಹಿ ಇವರದೇನ್ರಿ?"

ಮಹಾನಂದಾ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅಷ್ಟು ಹೊತ್ತು ಅವಳು ಅವನನ್ನು ಹೆಣ್ಣು ನೋಡುವ ಶಾಸ್ತ್ರದ ದಿನವೂ ನೋಡಿರಲಿಲ್ಲ.

"ಮನಿಯವ್ರಂಗ ಅದಾರ್ರಿ. ಆದ್ರ ನಮ್ಮ ಮನಿಯವ್ರು ‘ನಾ ಉಳಸಾಂವ’ ಅಂದಿದ್ರು. ಇವರು ತಗಿಯಾಕ ಬಂದಾರ."

ಸರತಿಯಲ್ಲಿದ್ದವರು ನಕ್ಕರು. ತರನ್ನುಮ ನಗು ನುಂಗಿಕೊಂಡಳು.

"ಸಹಿ ಬದಲ ಮಾಡೂದ ಬ್ಯಾಡ್ರಿ ಮೇಡಮ್," ಎಂದು ಮಹಾನಂದಾ ಕುರ್ಚಿ ಎಳೆದುಕೊಂಡು ಕುಳಿತಳು. "ಖಾತೆದಾಗ ಸುಮ್ನ ಬಿದ್ದ ರೊಕ್ಕಕ್ಕ ಬಡ್ಡಿ ಭಾಳ ಕಮ್ಮಿ ಅಂತಲ್ರಿ? ಒಂದ ಲಕ್ಷ ಮುದ್ದತ್ ಠೇವಣಿ ಇಡಾಕ ಬರತೈತೇನ್ರಿ? ನಮ್ಮ ಹುಡುಗಿ ಪಿಯುಸಿ ಮುಗಸೂ ಹೊತ್ತಿಗೆ ಕೈಗೆ ಬರೂವಂಗ."

"ಬರತೈತ್ರಿ. ಬಡ್ಡೀನೂ ಜಾಸ್ತಿ ಸಿಗತೈತಿ. ನಡುವ ಮುರಿಬೇಕಾದ್ರ ಮಾತ್ರ ಬಡ್ಡಿ ಸ್ವಲ್ಪ ಕಡಿಮಿ ಆಗತೈತಿ, ಮತ್ತ ಇಬ್ಬರೂ..."

"ಇಬ್ಬರೂ ಸಹಿ. ಗೊತ್ತೈತ್ರಿ."

ಗುರುಪುತ್ರಪ್ಪ ಕೇಳುತ್ತ ನಿಂತಿದ್ದ. ಈ ಮುದ್ದತ್ ಠೇವಣಿಯ ವಿಷಯವನ್ನು ಎಲ್ಲಿ ಕಲಿತೆ ಎಂದು ಕೇಳಬೇಕೆನ್ನಿಸಿತು. ಕೇಳಿದ್ದರೆ ‘ಭಿಶಿಯಾಗ’ ಎಂದು ಉತ್ತರ ಬರುತ್ತಿತ್ತು. ತಾರೀಖು ಇನ್ನೂ ಹನ್ನೆರಡಾಗಿದ್ದರೂ ಅವನು ಇಪ್ಪತ್ತರ ನಂತರದ ಮೌನ ಪಾಲಿಸಿದ.

ಫಾರ್ಮು ಬಂತು. ಮಹಾನಂದಾ ದುಂಡಗೆ ಸಹಿ ಹಾಕಿ ಅವನ ಮುಂದೆ ಸರಿಸಿದಳು. ಅವನು ಜೇಬಿಗೆ ಕೈ ಹಾಕುವಷ್ಟರಲ್ಲಿ ಬಸವಪ್ರಸಾದ ಹಿಂದಿನಿಂದ ಬಂದ. "ಮಾವಾರ, ಗಾಡಿ ಹೆಸರ ಬದಲ ಮಾಡೂ ಕಾಗದಕ್ಕ ಸಹಿ ಮಾಡೂದೈತಿ, ಪೆನ್ ಕೊಡ್ರಿ." ಚಿನ್ನದ ಬಣ್ಣದ ಪೆನ್ನು ಕೆಂಪು ಕಾರಿನ ಹಿಂದೆಯೇ ಹೋಯಿತು.

ಉಳಿದದ್ದು ಮೇಜಿಗೆ ಕಟ್ಟಿದ ಪೆನ್ನು. ಅದೇ ಪೆನ್ನು, ಅದೇ ಗಿಡ್ಡ ದಾರ. ಗುರುಪುತ್ರಪ್ಪ ಬಗ್ಗಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಸೊಂಟ ನೋಯುತ್ತಿತ್ತು, ಬಾಲ ಬೀಸುವ ಯಾವ ಆಸೆಯೂ ಉಳಿದಿರಲಿಲ್ಲ. ದಾರ ಜಗ್ಗಿತು. ಚೌಕದಲ್ಲಿ ಏನೋ ಒಂದು ಮುದುಡಿ ಬಿತ್ತು.

ತರನ್ನುಮ ಕಂಪ್ಯೂಟರ್ ನೋಡಿದಳು, ಫಾರ್ಮು ನೋಡಿದಳು, ಮುಖ ಅರಳಿಸಿದಳು. "ಕೂಡಿತ್ರಿ ಸರ್! ಬರಾಬ್ಬರಿ ಇದೇ!"

ಮಹಾನಂದಾ ಬಗ್ಗಿ ನೋಡಿದಳು. "ಹಾಂ, ಈಗ ಹೌದ್ರಿ ಮೇಡಮ್. ಇವರೇ ನಮ್ಮ ಮನಿಯವ್ರು."

ಹೊರಗೆ ಬಸವಪ್ರಸಾದ ಕಾರಿನ ಹಿಂದಿನ ಬಾಗಿಲು ತೆಗೆದು ಹಿಡಿದಿದ್ದ. "ಮನಿ ತನಾ ಬಿಡ್ತೀನಿ, ಬರ್ರಿ ಮಾವಾರ. ಪಂಪ್ ಸ್ವಲ್ಪ ಆ ಕಡೆ ಸರಸ್ರಿ." ಬೇಡ ಎನ್ನಬೇಕು ಎಂದು ಗುರುಪುತ್ರಪ್ಪನ ಅಭಿಮಾನ ಹೇಳಿತು. ಬೆನ್ನು ಅಷ್ಟರಲ್ಲಾಗಲೇ ಹತ್ತಿ ಕುಳಿತಿತ್ತು. ಪಂಪಿನ ಮೇಲೆ ಒಂದು ಕೈ ಚಾಚಿ ಒರಗಿದ. ತಾನು ಹೇಳಿದ್ದರಲ್ಲಿ ನಿಜಕ್ಕೂ ಒಂದು ಸುಳ್ಳೂ ಇರಲಿಲ್ಲ. ಗಾಜು ಏರಿಸಿದೊಡನೆ ಜಗತ್ತು ಸುಮ್ಮನಾಯಿತು. ಮೊದಲ ಸಿಗ್ನಲ್ ಬರುವ ಮುನ್ನವೇ ಅವನು ಗೊರಕೆ ಹೊಡೆಯುತ್ತಿದ್ದ.

"ಏಳ್ರಿ, ಮನಿ ಬಂತು." ಮಹಾನಂದಾ ಭುಜ ಅಲುಗಿಸಿದಳು. "ಲಗೂನ ಇಳೀರಿ, ಅಂವ ಖಾನಾಪುರಕ್ಕ ಹೋಗಬೇಕು."

ಗುರುಪುತ್ರಪ್ಪ ಕಣ್ಣುಜ್ಜುತ್ತ ಇಳಿದ. ಇಷ್ಟು ಚೆನ್ನಾದ ನಿದ್ದೆ ವರ್ಷಗಳಿಂದ ಬಿದ್ದಿರಲಿಲ್ಲ. ಕೆಂಪು ಕಾರು ಹಾರ್ನ್ ಹೊಡೆದು, ಓಣಿಯ ತಿರುವು ದಾಟಿ ಮರೆಯಾಗುವ ತನಕ ನೋಡುತ್ತ ನಿಂತ. ಮಹಾನಂದಾ ಗೇಟು ತೆಗೆಯಲು ಹೋದವಳು, ಅಂಗಳದ ಖಾಲಿ ಜಾಗವನ್ನು ಕಂಡು ತಿರುಗಿದಳು.

"ಅಂದಂಗ, ಸ್ಕೂಟರ್ ಎಲ್ಲೈತ್ರಿ?"